ಅತ್ತೆಯನ್ನು ಎತ್ತುವವರೆಗೆ

ಕಾವೇರಿ ಗಲಾಟೆ ಶುರುವಾದ ಮಾರನೆಯ ದಿನ ಬೆಳಿಗ್ಗೆ ನಮ್ಮ ಅತ್ತೆ ತೀರಿಕೊಂಡರು. ಗಲಾಟೆಗೂ ಅವರ ಸಾವಿಗೂ ಸಂಬಂಧವಿಲ್ಲ. ವಯಸ್ಸಾಗಿತ್ತು, ಮಳೆಗಾಲದಿಂದ ಹಾಸಿಗೆ ಹಿಡಿದಿದ್ದರು, ಆ ಚಳಿಗೆ ಹೋದರು. ನಾನು ರಾಗಿ ಗಂಜಿ ಹಿಡಿದುಕೊಂಡು ಕೋಣೆಗೆ ಹೋದಾಗ ಕಣ್ಣು ತೆರೆದೇ ಇತ್ತು, ಉಸಿರು ಇರಲಿಲ್ಲ. ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಸಿದೆ. ಆಗ ನನಗೆ ಬಂದ ಮೊದಲ ಯೋಚನೆ ಅತ್ತೆಯದಲ್ಲ. ನಮ್ಮ ಮನೆಯ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಕೂತಿದ್ದ ಗಂಡ ಹೆಂಡತಿಯದು.

ಅವರು ನಮ್ಮ ಬಾಡಿಗೆಯವರು. ನಮ್ಮ ಮನೆ ಇದ್ದದ್ದು ಬೆಂಗಳೂರಿನ ಸಿದ್ದಾಪುರದಲ್ಲಿ. ಕೆಳಗೆ ನಾವು, ಬೀದಿಯ ತಿರುವಿನಲ್ಲಿ ನಮ್ಮ ಮನೆಯವರ ದಿನಸಿ ಅಂಗಡಿ. ಮನೆಯ ಹೊರಗಿನಿಂದ ಮೆಟ್ಟಿಲು ಹತ್ತಿದರೆ ಮೇಲೆ ಶೀಟು ಹೊದಿಸಿದ ಒಂದು ರೂಮು, ಒಂದು ಸಣ್ಣ ಅಡುಗೆಮನೆ. ಅಲ್ಲಿ ಧರ್ಮಪುರಿ ಕಡೆಯ ಒಬ್ಬ ತಮಿಳು ಹುಡುಗ ಇದ್ದ. ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿತ್ತು, ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದ. ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಮದುವೆ ಮಾಡಿಕೊಂಡು ಹೆಂಡತಿಯನ್ನು ಕರೆತಂದ. ಅವಳಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ನೀರು, ಸಾಕು, ಬಂದೆ, ಅಷ್ಟೇ. ಬೆಳಗಾಗುವ ಮುಂಚೆ ನಲ್ಲಿಗೆ ಬಂದು ನೀರು ಹಿಡಿದುಕೊಂಡು ಹೋದರೆ ಉಳಿದ ಹೊತ್ತೆಲ್ಲ ಮೇಲೆಯೇ. ಬೀದಿಯಲ್ಲಿ ಅವಳ ಮುಖ ನೋಡಿದವರು ಕಡಿಮೆ. ಅವನನ್ನು ಮಾತ್ರ ಎಲ್ಲರೂ ಬಲ್ಲರು.

ಅತ್ತೆಗೂ ಅವಳಿಗೂ ಆಗುತ್ತಿರಲಿಲ್ಲ. ಅತ್ತೆ ಮಲಗಿದ ಕಡೆಯಿಂದಲೇ ಕೂಗುವರು, “ಇನ್ನೂ ಎಷ್ಟು ಕೊಡ ಹಿಡೀತಾಳೆ ಅವಳು? ನಲ್ಲಿ ನಿಲ್ಸು ಅನ್ನೇ!” ಅವಳು ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾ ತಮಿಳಿನಲ್ಲಿ ಏನೋ ಗೊಣಗುವಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಜಗಳಕ್ಕೇನೂ ಕೊರತೆ ಇರಲಿಲ್ಲ.

ಗಲಾಟೆಯ ಮೊದಲ ದಿನ ಬಂದ್ ಅಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಬಂದ್ ಹೋಗಿ ಬೇರೆ ಏನೋ ಆಯಿತು. ಮುಖ್ಯರಸ್ತೆಯಲ್ಲಿ ಟೈರು ಸುಟ್ಟರು. ನಂಬರ್ ನೋಡಿ ಲಾರಿಗಳನ್ನು ನಿಲ್ಲಿಸಿದರು. ಯಾವ ಮನೆಯಲ್ಲಿ ಯಾವ ಮಾತಾಡುವವರು ಇದ್ದಾರೆ ಎಂದು ಹುಡುಗರು ಕೇಳಿಕೊಂಡು ಓಡಾಡಿದರು. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಒಂದೇ ಬೀದಿಯಲ್ಲಿ ಆಡಿ ಬೆಳೆದ ಹುಡುಗರು, ಎಲ್ಲ ಗೊತ್ತಿತ್ತು. ಸಂಜೆ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಹತ್ತಿರ ಬಂದು ನಿಂತರು.

“ಅಮ್ಮಾ, ಮೇಲಿನವರನ್ನ ಎಲ್ಲಾದ್ರೂ ಕಳಿಸ್ಬಿಡಿ. ಒಂದು ಮನೆಗೆ ಬೆಂಕಿ ಬಿದ್ರೆ ಸಾಲಿಗೆಲ್ಲ ಬೀಳುತ್ತೆ.”

“ಎಲ್ಲಿಗೆ ಕಳಿಸ್ಲಿ ಮೇಷ್ಟ್ರೆ? ನಿಮ್ಮನೆಗೆ ಕಳಿಸ್ಲಾ?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಒಳಗೆ ಹೋದರು. ಕೆಟ್ಟ ಮನುಷ್ಯರಲ್ಲ ಅವರು. ಹೆದರಿದ್ದರು. ನಾನೂ ಹೆದರಿದ್ದೆ. ಕತ್ತಲಾಗುವ ಮೊದಲು ಇಬ್ಬರನ್ನೂ ಕೆಳಗೆ ಕರೆದು ಉಗ್ರಾಣದಲ್ಲಿ ಕೂರಿಸಿ, ಮೇಲಿನ ಬಾಗಿಲಿಗೆ ಬೀಗ ಹಾಕಿದೆ. ಊರಿಗೆ ಹೋದರು ಎಂದು ಕೇಳಿದವರಿಗೆಲ್ಲ ಹೇಳಿ ಎಂದು ನಮ್ಮ ಮನೆಯವರಿಗೆ ಹೇಳಿಕೊಟ್ಟೆ. ಅವರು ಹೇಳಿದರು, ಆದರೆ ಹೇಳುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ. ಯಾರೂ ನಂಬಿದ ಹಾಗೆ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಕರ್ಫ್ಯೂ. ಅತ್ತೆ ಹೋಗಿಬಿಟ್ಟಿದ್ದಾರೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಅಮ್ಮನಿಗೆ ಹುಷಾರಿಲ್ಲವೆಂದು ಬಂದು ಉಳಿದಿದ್ದ ನಾದಿನಿ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ಸೆಟೆಯುವ ಮೊದಲೇ ಸ್ನಾನ ಮಾಡಿಸಿ, ಕಾಲು ಮಡಿಸಿ, ಪೂಜೆಗೆ ಕೂತ ಹಾಗೆ ಗೋಡೆಗೆ ಒರಗಿಸಿ ಕೂರಿಸಬೇಕು. ಬೀಳದ ಹಾಗೆ ಎದೆಗೆ ಬಟ್ಟೆ ಸುತ್ತಿ ಹಿಂದೆ ಕಿಟಕಿಯ ಸರಳಿಗೆ ಕಟ್ಟುತ್ತೇವೆ. ಹಣೆಗೆ, ತೋಳಿಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಬಿಲ್ವಪತ್ರೆ. ಎತ್ತುವವರೆಗೆ ಮನೆಯ ಬಾಗಿಲು ಹಾಕುವ ಹಾಗಿಲ್ಲ. ಸ್ನಾನದ ನೀರನ್ನು ಬಚ್ಚಲಿನಿಂದ ಆ ಹುಡುಗಿಯೇ ಹೊತ್ತು ತಂದುಕೊಟ್ಟಳು. ನಾನೂ ನಾದಿನಿಯೂ ಸೇರಿ ಅತ್ತೆಯನ್ನು ಬಾಗಿಲಿಗೆ ಎದುರಾಗಿ, ಗೇಟಿನಲ್ಲಿ ನಿಂತವರಿಗೂ ಕಾಣುವ ಹಾಗೆ ಕೂರಿಸಿದೆವು. ಬದುಕಿದ್ದಾಗ ಆ ಜಾಗದಲ್ಲಿ ಕೂತೇ ಅವರು ಹೋಗಿಬರುವವರನ್ನೆಲ್ಲ ವಿಚಾರಿಸುತ್ತಿದ್ದದ್ದು.

ನಮ್ಮ ಮನೆಯವರು ಪೊಲೀಸ್ ಸ್ಟೇಷನ್ನಿಗೆ ಹೋಗಿ ಪಾಸ್ ತರಬೇಕಿತ್ತು, ಅಲ್ಲಿಂದ ಹನುಮಂತನಗರಕ್ಕೆ ನಡೆದುಹೋಗಿ ಕ್ರಿಯೆ ಮಾಡಿಸುವ ಅಯ್ಯನವರನ್ನು ಕರೆತರಬೇಕಿತ್ತು. ಅವರು ಹೊರಟ ಮೇಲೆ ಬಾಗಿಲು ಹಾಕದ ಮನೆಯಲ್ಲಿ ನಾವು ಹೆಂಗಸರು. ಉಗ್ರಾಣಕ್ಕೆ ಬಾಗಿಲೇ ಇಲ್ಲ, ಒಂದು ಪರದೆ. ಬಂದವರು ಯಾರಾದರೂ ಕೈ ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಅದರ ಮುಂದೆಯೇ ಹೋಗಬೇಕು. ಹುಡುಗನನ್ನು ಬಚ್ಚಲುಮನೆಯ ಮೇಲಿನ ಅಟ್ಟಕ್ಕೆ ಹತ್ತಿಸಿ, ಮುಂದೆ ಸೌದೆ ಜೋಡಿಸಿದೆ. ಅಲ್ಲಿ ಇಬ್ಬರಿಗೆ ಜಾಗವಿರಲಿಲ್ಲ.

“ಇವಳನ್ನ ಏನ್ಮಾಡ್ತೀಯ ಅತ್ತಿಗೆ?” ನಾದಿನಿ ಕೇಳಿದಳು.

“ನಮ್ಮ ಜೊತೆ ಕೂರಿಸ್ಕೋತೀನಿ.”

“ಅಮ್ಮನ ಪಕ್ಕದಲ್ಲಾ? ಅಮ್ಮ ಬದುಕಿದ್ದಿದ್ರೆ ಸುಮ್ನಿರ್ತಿದ್ರಾ?”

“ಬದುಕಿಲ್ವಲ್ಲ. ನೀನು ಸ್ವಲ್ಪ ಆಚೆ ಸರಿ.”

ಹುಡುಗಿಯ ಹಣೆಯ ಕುಂಕುಮದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ನನ್ನದೊಂದು ಹಳೆಯ ಸೀರೆ ಉಡಿಸಿ, ತಲೆಯ ಮೇಲೆ ಸೆರಗು ಎಳೆದು, ಅತ್ತೆಯ ಎಡಗಡೆ ಕೂರಿಸಿದೆ. ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ, ಮಾತಾಡಬೇಡ. ಕಣ್ಣಿನ ಮೇಲೆ ಕೈಯಿಟ್ಟು ತೋರಿಸಿದೆ, ಅಳು. ಅಳುವುದಕ್ಕೆ ಭಾಷೆ ಬೇಕಿಲ್ಲ ಎಂದು ನಾನು ತಿಳಿದಿದ್ದೆ.

ಅಕ್ಕಪಕ್ಕದ ಮನೆಗಳವರು ಒಬ್ಬೊಬ್ಬರೇ ಗೋಡೆ ದಾಟಿ, ಹಿತ್ತಲಿನಿಂದ ಬಂದು ನೋಡಿ ಹೋದರು. ಮೇಷ್ಟ್ರ ಹೆಂಡತಿ ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು, ನಮ್ಮ ಜೊತೆಗೇ ಕೂತುಕೊಂಡರು. ಹೊರಗೆ ಎಲ್ಲೋ ಗಾಜು ಒಡೆಯುವ ಸದ್ದು. ಪೊಲೀಸ್ ಜೀಪು ದೊಡ್ಡ ರಸ್ತೆಯಲ್ಲಿ ಮೈಕಿನಲ್ಲಿ ಹೇಳುತ್ತಾ ಹೋಗುವುದು, ಅದು ದೂರವಾದ ಕೂಡಲೇ ಸಣ್ಣ ಬೀದಿಗಳಲ್ಲಿ ಓಡುವ ಕಾಲುಗಳ ಸದ್ದು. ಪ್ರತಿಸಲ ಸದ್ದು ಹತ್ತಿರ ಬಂದಾಗ ನಾನು ಬಚ್ಚಲಿನ ಕಡೆ ಕಿವಿ ಕೊಡುತ್ತಿದ್ದೆ, ಎಲ್ಲಿ ಅವನು ಕೆಮ್ಮಿಬಿಡುತ್ತಾನೋ ಎಂದು. ಸೌದೆಯ ಧೂಳು ಬೇರೆ.

ಊಟದ ಹೊತ್ತು ದಾಟಿದ ಮೇಲೆ ಹುಡುಗರು ಬಂದರು. ಒಂದು ಗುಂಪು, ಕೈಯಲ್ಲಿ ಕೋಲು, ಒಬ್ಬನ ಕೈಯಲ್ಲಿ ಕ್ಯಾನು. ಮುಂದೆ ಇದ್ದವನು ನಮ್ಮ ಹಿಂದಿನ ಬೀದಿಯವನು, ಹೂ ಕಟ್ಟಿ ಮಾರುವವಳ ಮಗ. ಚಿಕ್ಕವನಿದ್ದಾಗ ನಮ್ಮ ಅಂಗಡಿಯಲ್ಲಿ ಪೆಪ್ಪರಮಿಂಟಿಗೆ ಅತ್ತೆಯ ಹತ್ತಿರ ಗೋಗರೆಯುತ್ತಿದ್ದ. ಗೇಟು ತಳ್ಳಿ ಒಂದು ಹೆಜ್ಜೆ ಒಳಗಿಟ್ಟವನು ಎದುರಿಗೆ ಕೂತಿದ್ದ ಅತ್ತೆಯನ್ನು ನೋಡಿ ನಿಂತುಬಿಟ್ಟ. ಹಿಂದಿನವನೊಬ್ಬ ಅವನ ಬೆನ್ನಿಗೆ ಬಂದು ಗುದ್ದಿದ.

“ಯಾಕೋ ಮಗಾ ನಿಂತೆ?”

“ಅಜ್ಜಿ ಹೋಗ್ಬಿಟ್ಟವ್ರೆ ಕಣೋ. ಚಪ್ಪಲಿ ಬಿಡ್ರೋ.”

ಕೋಲನ್ನು ಗೇಟಿಗೆ ಒರಗಿಸಿ, ಚಪ್ಪಲಿ ಬಿಟ್ಟು, ಅವನು ಬಾಗಿಲವರೆಗೆ ಬಂದ. ಅದೇ ಹೊತ್ತಿಗೆ ಈ ಹುಡುಗಿ ಅಳಲು ಶುರು ಮಾಡಿದಳು.

ಅಳು ಅಂದರೆ ಸುಮ್ಮನೆ ಬಿಕ್ಕುವ ಅಳುವಲ್ಲ. ಅವರ ಊರಿನಲ್ಲಿ ಹೆಣದ ಮುಂದೆ ಕೂತ ಹೆಂಗಸರು ಎದೆ ಬಡಿದುಕೊಂಡು, ರಾಗ ಎಳೆದು, ಸತ್ತವರನ್ನು ಕರೆಕರೆದು ಹಾಡುತ್ತಾ ಅಳುತ್ತಾರಂತೆ. ಒಪ್ಪಾರಿ ಅನ್ನುತ್ತಾರೆ. ಅಳು ಎಂದು ನಾನು ತೋರಿಸಿದ್ದೆ. ಅವಳಿಗೆ ಅಮ್ಮ, ಅಜ್ಜಿ ಕಲಿಸಿದ್ದು ಅದೇ ಅಳು. ಅಷ್ಟು ಹೊತ್ತು ಮೆಲ್ಲಗೆ ಮೂಗು ಒರೆಸಿಕೊಂಡಿದ್ದವಳು ಕೋಲು ಹಿಡಿದವರನ್ನು ನೋಡಿ ಗಾಬರಿಯಾಗಿ, ಜೋರಾಗಿ ಅಳಬೇಕು ಎಂದುಕೊಂಡಳೋ ಏನೋ. ಎದೆಗೆ ಎರಡೂ ಕೈ ಬಡಿದು, ತಲೆ ಎತ್ತಿ, ಬಾಯಿ ತೆರೆದು ತಮಿಳಿನಲ್ಲಿ ಹಾಡತೊಡಗಿದಳು. ಒಂದೊಂದು ಅಕ್ಷರವೂ ಗಂಟೆ ಹೊಡೆದ ಹಾಗೆ ಬೀದಿಗೆ ಕೇಳುತ್ತಿತ್ತು.

ಬಾಯಿ ಮುಚ್ಚು ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಾನು ಎದ್ದು ಹೋಗಿ ಅತ್ತೆಯ ತೊಡೆಯ ಮೇಲೆ ಬಿದ್ದುಬಿಟ್ಟೆ. “ಅಯ್ಯೋ ಅತ್ತೇ! ನಮ್ಮನ್ನ ಬಿಟ್ಟು ಎಲ್ಲಿಗೆ ಹೋದ್ರಿ ಅತ್ತೇ!” ಎಂದು ನನ್ನ ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದೆ. ಬೆಳಗಿನಿಂದ ಒಂದು ಹನಿ ಬಂದಿರಲಿಲ್ಲ ನನಗೆ. ಆಗಲೂ ಕಣ್ಣೀರು ಬರಲಿಲ್ಲ, ಗಂಟಲು ಮಾತ್ರ. ಅವಳು ಒಂದು ಸಾಲು ಎಳೆದರೆ ನಾನು ಅದರ ಮೇಲೆ ಎರಡು ಸಾಲು ಎಳೆಯುತ್ತಿದ್ದೆ. ನಾದಿನಿ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಅವಳೂ “ಅಮ್ಮಾ” ಎಂದು ಶುರು ಮಾಡಿದಳು. ಅವಳದು ನಿಜವಾದ ಅಳು. ಮೇಷ್ಟ್ರ ಹೆಂಡತಿಯೂ ಸೇರಿದರು. ನಾಲ್ಕು ಗಂಟಲು ಸೇರಿದ ಮೇಲೆ ಯಾವ ಮಾತು ಯಾವ ಭಾಷೆಯದು ಎಂದು ಹೇಳುವ ಹಾಗಿರಲಿಲ್ಲ.

ಹೂವಿನವಳ ಮಗ ಹೊಸಿಲಿನ ಆಚೆಯೇ ಮಂಡಿಯೂರಿ ಅತ್ತೆಗೆ ನಮಸ್ಕಾರ ಮಾಡಿದ. ಎದ್ದು, ಸ್ವಲ್ಪ ಹೊತ್ತು ಹುಡುಗಿಯ ಕಡೆಯೇ ನೋಡಿದ.

“ಅವರ್ಯಾರು ಆಂಟಿ?”

“ನನ್ನ ತಂಗಿ ಮಗಳು ಕಣಪ್ಪ. ಗಡಿ ಕಡೆ ಕೊಟ್ಟಿದೀವಿ. ಅಜ್ಜಿ ಕೈಲಿ ಬೆಳೆದೋಳು.”

“ಮೇಲ್ಗಡೆಯವರು?”

“ಊರಿಗೆ ಹೋದ್ರು. ಬೀಗ ಇದೆ ನೋಡು.”

ಅವನು ಮೇಲೆ ನೋಡಿದ. ಬೀಗ ಇತ್ತು. ಅವನು ನಂಬಿದನೋ, ನಂಬದೆ ಸುಮ್ಮನಾದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಿರುಗಿ ಹೋಗುತ್ತಾ ಧ್ವನಿ ತಗ್ಗಿಸಿ ಹೇಳಿದ, “ಅಜ್ಜಿ ಇರೋವರ್ಗೂ ನಮ್ಮ ಹುಡುಗ್ರು ಈ ಗೇಟು ಮುಟ್ಟಲ್ಲ ಆಂಟಿ. ಎತ್ತಿದ್ಮೇಲೆ ನಾನು ಹೇಳಕ್ಕಾಗಲ್ಲ.” ಕೋಲು ತೆಗೆದುಕೊಂಡು ಹೋದ. ಹೋಗುವಾಗ ಗೇಟಿನ ಚಿಲಕ ಹಾಕಿ ಹೋದ.

ಆಮೇಲೆ ನನಗೆ ಒಂದೇ ಲೆಕ್ಕ. ಅತ್ತೆ ಕೂತಿರುವವರೆಗೆ ಇವರಿಬ್ಬರೂ ಇರುತ್ತಾರೆ. ಎತ್ತಿದ ಮೇಲೆ? ಚಳಿಗಾಲ, ಬೆಳಗಿನವರೆಗೆ ಇಟ್ಟುಕೊಂಡರೂ ಏನೂ ಆಗುವುದಿಲ್ಲ. ಒಂದು ರಾತ್ರಿ ಕಳೆದರೆ ಪೊಲೀಸರು ಹೆಚ್ಚಾಗಬಹುದು, ಹುಡುಗರಿಗೆ ಸುಸ್ತಾಗಬಹುದು. ನಮ್ಮ ಮನೆಯವರು ಅಯ್ಯನವರನ್ನು ಕರೆದುಕೊಂಡು ಬೆವರಿಳಿಸುತ್ತಾ ಬಂದ ಕೂಡಲೇ ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದೆ.

“ರೀ, ಇವತ್ತು ಬೇಡ. ನಾಳೆ ಎತ್ತೋಣ.”

“ಹುಚ್ಚು ಹಿಡಿದಿದ್ಯೇನೇ ನಿಂಗೆ? ಪಾಸ್ ಇವತ್ತು ಸಂಜೆವರ್ಗೆ ಮಾತ್ರ ಬರ್ಕೊಟ್ಟವ್ರೆ. ಗುಂಡಿ ತೋಡಕ್ಕೆ ಹೇಳ್ಬಂದಿದೀನಿ. ನಾಳೆ ಟೆಂಪೊದೋನು ಬರಲ್ಲ ಅಂತಾನೆ.”

“ಎತ್ತಿದ್ಮೇಲೆ ಇವರ ಗತಿ?”

ಅವರು ಲೋಟದಲ್ಲಿ ನೀರು ಬಗ್ಗಿಸಿಕೊಂಡರು, ಕುಡಿಯಲಿಲ್ಲ, ಹಾಗೆಯೇ ಹಿಡಿದುಕೊಂಡು ನಿಂತರು. ನಮ್ಮ ಮನೆಯವರು ಯಾರ ಮೇಲೂ ದನಿ ಎತ್ತಿದವರಲ್ಲ, ಯಾರಿಗೂ ಎದುರು ನಿಂತವರೂ ಅಲ್ಲ. ತಾಯಿ ಸತ್ತ ದಿನ ಅವರಿಗೆ ಅಳಲು ಸಹ ನಾನು ಬಿಡುವು ಕೊಡಲಿಲ್ಲ.

“ಹಾಗಾದ್ರೆ ಅವರೂ ಅತ್ತೆ ಜೊತೆಗೇ ಬರ್ತಾರೆ,” ಅಂದೆ.

ಹುಡುಗಿ ಬರುವುದೇನೂ ಕಷ್ಟವಿರಲಿಲ್ಲ. ನಮ್ಮಲ್ಲಿ ಹೆಂಗಸರೂ ಮಣ್ಣಿಗೆ ಹೋಗುತ್ತಾರೆ. ಅವನದೇ ತಾಪತ್ರಯ. ಹೆಣವನ್ನು ಕೂರಿಸಿ ಹೊರುವ ಚಟ್ಟಕ್ಕೆ ನಾವು ವಿಮಾನ ಅನ್ನುತ್ತೇವೆ. ಬಿದಿರು ಕಟ್ಟಿ, ಸೀರೆ ಸುತ್ತಿ, ಹೂ ಬಿಟ್ಟು ಕುರ್ಚಿಯ ಹಾಗೆ ಮಾಡುತ್ತಾರೆ. ಅವತ್ತು ಹೂ ಇರಲಿಲ್ಲ, ಸೀರೆ ಮಾತ್ರ. ಅದನ್ನು ಮನೆಯಿಂದ ಟೆಂಪೊವರೆಗೆ ಹೊರಲು ನಾಲ್ಕು ಹೆಗಲು ಬೇಕು. ಕರ್ಫ್ಯೂನಲ್ಲಿ ನೆಂಟರು ಯಾರೂ ಬಂದಿರಲಿಲ್ಲ. ನಮ್ಮ ಮನೆಯವರು, ಟೆಂಪೊ ಡ್ರೈವರ್, ಗೊಣಗಿಕೊಂಡೇ ಬಂದ ಮೇಷ್ಟ್ರು. ಮೂರೇ. ನಾನು ಅಟ್ಟದ ಸೌದೆ ಸರಿಸಿ ಅವನನ್ನು ಇಳಿಸಿದೆ. ಕೂದಲೆಲ್ಲ ಜೇಡರ ಬಲೆ. ಮುಖ ಗುರುತು ಸಿಗದಷ್ಟು ವಿಭೂತಿ ಬಳಿದು, ತಲೆಗೆ ಟವೆಲ್ ಕಟ್ಟಿ ಕಣ್ಣಿನವರೆಗೆ ಎಳೆದೆ.

ನಾದಿನಿ ಅಡ್ಡ ನಿಂತಳು. “ಅತ್ತಿಗೆ, ಎಲ್ಲಾ ಸಹಿಸ್ಕೊಂಡೆ. ಇದಾಗಲ್ಲ. ಲಿಂಗ ಕಟ್ಟದೋನು ನಮ್ಮಮ್ಮನಿಗೆ ಹೆಗಲು ಕೊಡೋದಾ? ಅಯ್ಯನೋರೇ, ನೀವೇ ಹೇಳಿ.”

ಅಯ್ಯನವರು ಬಾಗಿಲ ಹೊರಗೆ ಆಕಾಶ ನೋಡುತ್ತಾ ನಿಂತಿದ್ದರು. ಅವರಿಗೂ ಹನುಮಂತನಗರದಲ್ಲಿ ಹೆಂಡತಿ ಮಕ್ಕಳು. ಹುಡುಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಯಾರು, ಏನು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಧರ್ಮದ ಮಾತು ಏನಾದರೂ ಹೇಳುತ್ತಾರೆ ಎಂದು ನಾನು ಎದುರುತ್ತರ ಸಿದ್ಧ ಮಾಡಿಕೊಂಡಿದ್ದೆ.

“ಕತ್ತಲಾಗುತ್ತೆ ತಾಯಿ,” ಅಂದರು. “ಯಾರಾದ್ರೂ ಎತ್ತಲಿ, ಬೇಗ ಎತ್ತಲಿ.”

ಎತ್ತಿದರು. ಗೇಟಿನ ಆಚೆ, ತಿರುವಿನಲ್ಲಿ, ಅದೇ ಹುಡುಗರು ನಿಂತಿದ್ದರು. ವಿಮಾನ ಕಂಡ ಕೂಡಲೇ ದಾರಿ ಬಿಟ್ಟು, ಒಬ್ಬಿಬ್ಬರು ಎದೆ ಮುಟ್ಟಿಕೊಂಡರು. ಹುಡುಗ ಹಿಂದಿನ ಎಡಗಡೆಯಲ್ಲಿದ್ದ; ಅತ್ತೆಗೆ ಸುತ್ತಿದ ಸೀರೆಯ ಸೆರಗು ಗಾಳಿಗೆ ಅವನ ಮುಖದ ಮೇಲೆ ಬೀಳುತ್ತಿತ್ತು. ನಾನು ಅವನ ಪಕ್ಕದಲ್ಲೇ ನಡೆದೆ. ಕೈಯಲ್ಲಿದ್ದ ಬಿಲ್ವಪತ್ರೆ ಹಿಸುಕಿ ಹಿಸುಕಿ ಪುಡಿಯಾಗಿತ್ತು. ನಮ್ಮ ಮನೆಯಿಂದ ಟೆಂಪೊ ನಿಂತ ಜಾಗಕ್ಕೆ ಹೆಚ್ಚು ದೂರವಿಲ್ಲ. ಅವತ್ತಿನಷ್ಟು ಉದ್ದದ ದಾರಿ ನಾನು ನಡೆದಿಲ್ಲ.

ಹೊರಡುವ ಮೊದಲು ಅತ್ತೆ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದೆ. ಆ ದೀಪ ಒಂಟಿಯಾಗಿರಬಾರದು. ಕಾಯಲು ಮೇಷ್ಟ್ರ ಹೆಂಡತಿಯನ್ನು ಕೂರಿಸಿ ಬಂದಿದ್ದೆವು.

ಬನಶಂಕರಿಯ ಕಡೆ ಹೋಗುವ ರಸ್ತೆಯಲ್ಲಿ ಪೊಲೀಸರು ತಡೆದರು. ಒಬ್ಬ ಪೇದೆ ಪಾಸ್ ಓದಿ, ಟೆಂಪೊದ ಹಿಂದಿನ ಪರದೆ ಎತ್ತಿದ. ಹಣೆ ತುಂಬ ವಿಭೂತಿ ಬಳಿದುಕೊಂಡು ನೆಟ್ಟಗೆ ಕೂತ ಅತ್ತೆಯ ಮುಖ ಅವನ ಮುಖದ ಎದುರಿಗೇ ಇತ್ತು. “ಅಯ್ಯಪ್ಪಾ” ಎಂದು ಎರಡು ಹೆಜ್ಜೆ ಹಿಂದೆ ಹೋದವನು ಮತ್ತೆ ಯಾರ ಹೆಸರನ್ನೂ ಕೇಳಲಿಲ್ಲ. ಮೇಷ್ಟ್ರು ಆ ಗಳಿಗೆಯಲ್ಲಿ ಸಣ್ಣಗೆ ನಕ್ಕುಬಿಟ್ಟರು. ನಗು ತಡೆಯಲಾರದೆ ಟವೆಲ್ ಬಾಯಿಗೆ ತುರುಕಿಕೊಂಡರು. ಹೆದರಿಕೆಗೆ ಹಾಗೂ ಆಗುತ್ತದೆ.

ರುದ್ರಭೂಮಿಯಲ್ಲಿ ಅತ್ತೆಯನ್ನು ಗುಂಡಿಯಲ್ಲಿ ಕೂರಿಸಿ, ವಿಭೂತಿ ಪತ್ರೆ ಸುರಿದು, ಮಣ್ಣು ಹಾಕಿದೆವು. ಹುಡುಗಿಯೂ ಒಂದು ಹಿಡಿ ಹಾಕಿದಳು. ಅಲ್ಲಿಂದ ಅವರಿಬ್ಬರನ್ನು ಬಿಳೇಕಹಳ್ಳಿಯಲ್ಲಿದ್ದ ಅವನ ಮಾಲೀಕರ ಮನೆಗೆ ಬಿಡೋಣವೆಂದು ನನ್ನ ಯೋಚನೆ. ಡ್ರೈವರ್ ಒಪ್ಪಲಿಲ್ಲ. “ಅಕ್ಕ, ಪಾಸಲ್ಲಿ ಸ್ಮಶಾನ ಅಂತ ಮಾತ್ರ ಇದೆ. ಹೆಣ ಇಲ್ದೆ ಹೋದ್ರೆ ನನ್ನ ಗಾಡೀನೂ ಇಲ್ಲ, ನಾನೂ ಇಲ್ಲ.” ಅವನು ಹೇಳಿದ್ದು ಸರಿಯಾಗಿತ್ತು. ಎಲ್ಲರೂ ಸಿದ್ದಾಪುರಕ್ಕೇ ವಾಪಸು ಹೊರಟೆವು.

ಬೀದಿಯ ತಿರುವಿಗೆ ಬಂದಾಗಲೇ ಸುಟ್ಟ ಹತ್ತಿಯ ವಾಸನೆ ಬಂತು. ಹುಡುಗರು ಇರಲಿಲ್ಲ. ಮನೆಯ ಮುಂದೆ ಮೇಲಿನವರ ಹಾಸಿಗೆ ಇನ್ನೂ ಹೊಗೆಯಾಡುತ್ತಿತ್ತು. ಬಟ್ಟೆ, ಮದುವೆಯ ಫೋಟೊ, ಚಾಪೆ, ಒಂದು ಮರದ ಸ್ಟೂಲು. ಮೇಲಿನ ಬಾಗಿಲು ಕೀಲಿನಿಂದಲೇ ಕಿತ್ತು ಬಂದಿತ್ತು. ಪಾತ್ರೆ ಒಂದೂ ಇರಲಿಲ್ಲ. ಕೆಳಗಿನ ನಮ್ಮ ಮನೆಯಲ್ಲಿ ಒಂದು ಚಮಚವೂ ಅಲುಗಿರಲಿಲ್ಲ. ಮೇಷ್ಟ್ರ ಹೆಂಡತಿ ದೀಪದ ಮುಂದೆ ನಾವು ಬಿಟ್ಟುಹೋದ ಹಾಗೆಯೇ ಕೂತಿದ್ದರು, ಎರಡೂ ಕೈಯಿಂದ ದೀಪಕ್ಕೆ ಮರೆ ಹಿಡಿದುಕೊಂಡು.

“ದೀಪ ಆರಿಲ್ಲ ಕಣ್ರೀ,” ಅಂದರು. “ನೀವು ಕೂತಿರಿ ಆಂಟಿ, ನಿಮಗೇನೂ ಮಾಡಲ್ಲ ಅಂದ್ರು. ಕೂತಿದ್ದೆ. ಮೇಲೆ ಧಡಧಡ ಅನ್ನೋದು. ನಾನು ದೀಪ ಮಾತ್ರ ನೋಡ್ತಿದ್ದೆ.” ಅಷ್ಟು ಹೇಳಿ ಎದ್ದರೆ ಕಾಲು ಮರಗಟ್ಟಿ ನಿಲ್ಲಲಾಗದೆ ಅಲ್ಲೇ ಕುಸಿದರು.

ಮಿಲಿಟರಿಯವರಂಥ ಪೊಲೀಸರು ಆ ರಾತ್ರಿಯೇ ಬೀದಿಗೆ ಬಂದರು. ಮತ್ತೆ ಯಾರೂ ಬರಲಿಲ್ಲ.

ಬೆಳಿಗ್ಗೆ ಕಾಫಿ ಕೊಡುವಾಗ ಹುಡುಗನನ್ನು ಕೇಳಿದೆ, ನಿನ್ನೆ ನಿನ್ನ ಹೆಂಡತಿ ಏನು ಹಾಡಿದಳು ಎಂದು. ಅವನು ಅವಳನ್ನು ಕೇಳಿದ. ಅವಳು ತಲೆ ತಗ್ಗಿಸಿದಳು, ಹೇಳಲು ಒಪ್ಪಲಿಲ್ಲ. ಎರಡು ಸಲ ಕೇಳಿದ ಮೇಲೆ ಹೇಳಿದಳು.

“ಬೈದ್ಕೊಂಡು ಅತ್ತಳಂತಮ್ಮ,” ಅಂದ ಅವನು, ಸಂಕೋಚದಿಂದ. “ನಂಗೆ ಒಂದು ಕೊಡ ನೀರು ಹಿಡಿಯಕ್ಕೆ ಬಿಡ್ಲಿಲ್ವಲ್ಲ ಮುದುಕಿ, ಈಗ ನಿಂಗೆ ಸ್ನಾನಕ್ಕೆ ನೀರು ಹೊತ್ತೋಳೂ ನಾನೇ ಅಂತ. ನಮ್ಮಲ್ಲಿ ಹಂಗೆ ಹೇಳ್ಕೊಂಡು ಅಳೋದು ತಪ್ಪಲ್ಲ. ಬೇಜಾರು ಮಾಡ್ಕೋಬೇಡಿ.”

ನಾದಿನಿ ಕೇಳಿಸಿಕೊಂಡಳು. ಏನಾದರೂ ಅನ್ನುತ್ತಾಳೆ ಎಂದುಕೊಂಡೆ. “ಅಮ್ಮಂಗೆ ತಿಳಿದಿದ್ರೆ ಎದ್ದು ಕೂತ್ಕೊಂಡು ಜಗಳ ಆಡ್ತಿದ್ರು,” ಅಂದಳು. ಹುಡುಗಿಗೆ ಉಡಲು ಸೀರೆ ಇರಲಿಲ್ಲ. ಅತ್ತೆಯ ಸೀರೆಗಳು ಮಗಳಿಗೆ ಸೇರಬೇಕಾದವು. ನಾದಿನಿ ಟ್ರಂಕು ತೆಗೆದು ಚೆನ್ನಾಗಿದ್ದ ಎರಡನ್ನು ತಾನು ಇಟ್ಟುಕೊಂಡು, ಉಳಿದದ್ದನ್ನು ಅವಳ ಕಡೆ ತಳ್ಳಿದಳು.

ಕರ್ಫ್ಯೂ ತೆಗೆದ ಮೇಲೆ ಅವರು ಊರಿಗೆ ಹೋದರು. ಟೊಮೇಟೊ ಇಳಿಸಿ ವಾಪಸು ಹೋಗುತ್ತಿದ್ದ ಲಾರಿಯಲ್ಲಿ ಹೊಸೂರಿನವರೆಗೆ, ಅಲ್ಲಿಂದ ಬಸ್ಸು. ಹುಡುಗಿ ಹೋಗುವಾಗ ನನ್ನ ಕಾಲಿಗೆ ಬಿದ್ದಳು. ಮೇಲಿನ ಮೆಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆಗೆ ನಮ್ಮ ಮನೆಯವರು ಬೀದಿಯವರನ್ನೆಲ್ಲ ಊಟಕ್ಕೆ ಕರೆದರು. ಆ ಹುಡುಗರನ್ನೂ ಕರೆದರು. ಇದೇನು ಅಂದರೆ, “ಇದೇ ಬೀದೀಲಿ ಅಂಗಡಿ ನಡೆಸ್ಬೇಕಲ್ಲೇ” ಅಂದರು. ಬಂದರು, ಸಾಲಾಗಿ ಕೂತರು, ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು. ನಾನೇ ಬಡಿಸಿದೆ. ಹೂವಿನವಳ ಮಗ ಹೋಳಿಗೆ ಮುರಿದು ನನ್ನ ಕಡೆ ನೋಡಿದ.

“ಆಂಟಿ, ತುಪ್ಪ?”

“ಮುಗೀತು.”

ತುಪ್ಪದ ಗಿಂಡಿ ನನ್ನ ಕೈಯಲ್ಲೇ ಇತ್ತು, ಅರ್ಧಕ್ಕಿಂತ ಹೆಚ್ಚು. ಅವನು ಗಿಂಡಿ ನೋಡಿದ, ನನ್ನನ್ನು ನೋಡಿದ, ಒಣ ಹೋಳಿಗೆ ತಿಂದು ಎದ್ದ. ನನ್ನ ಕೈಯಲ್ಲಿ ಆದದ್ದು ಅಷ್ಟೇ.

ಎಲ್ಲರೂ ಹೋದ ಮೇಲೆ ಅವನ ತಾಯಿ, ಹೂವಿನವಳು, ಹಿತ್ತಲ ಬಾಗಿಲಿಗೆ ಬಂದಳು. ಸೆರಗಿನೊಳಗೆ ಏನೋ ಮುಚ್ಚಿಕೊಂಡಿದ್ದಳು. ತೆಗೆದು ಕಟ್ಟೆಯ ಮೇಲೆ ಇಟ್ಟಳು. ಒಂದು ಸ್ಟೀಲ್ ಬಿಂದಿಗೆ, ಫಳಫಳ ಉಜ್ಜಿದ್ದು.

“ಇದು ನಮ್ಮನೇದಲ್ಲ ಕಣಕ್ಕಾ,” ಅಂದಳು. “ಮಂಚದ ಕೆಳಗಿತ್ತು. ಹೆಸರು ಕೊರ್ದಿದೆ, ನಮ್ಮ ಅಕ್ಷರ ಅಲ್ಲ. ಆ ಹುಡುಗಿ ತೌರುಮನೇಲಿ ಕೊಟ್ಟಿದ್ದಿರ್ಬೇಕು. ಬದುಕಿದಾಳಾ ಅವಳು?”

“ಬದುಕಿದಾಳೆ. ಊರಿಗೆ ಹೋದ್ಲು.”

ಅವಳು ಕಟ್ಟೆಯ ಮೇಲೆಯೇ ಕೂತುಬಿಟ್ಟಳು. ಎಲೆಯಲ್ಲಿ ಊಟ ಹಾಕಿಕೊಟ್ಟೆ, ತುಪ್ಪ ಹಾಕಿ. ಕಣ್ಣು ಒರೆಸಿಕೊಂಡು ಉಂಡಳು. ಬಿಂದಿಗೆಯನ್ನು ನಾನು ಉಗ್ರಾಣದಲ್ಲಿ ಇಟ್ಟೆ, ಅಕ್ಷರ ಗೋಡೆಯ ಕಡೆಗೆ ತಿರುಗಿಸಿ. ಮತ್ತೆ ಗಲಾಟೆಯಾಗಿ ಯಾರಾದರೂ ಒಳಗೆ ನುಗ್ಗಿದರೆ ಆ ಅಕ್ಷರ ನಮ್ಮ ಮನೆಯಲ್ಲಿ ಕಾಣಬಾರದು ಎಂದು.

ಸಂಕ್ರಾಂತಿ, ಶಿವರಾತ್ರಿ ಎಲ್ಲ ಕಳೆದ ಮೇಲೆ ಹುಡುಗ ಒಬ್ಬನೇ ಬಂದ. ಕೆಲಸಕ್ಕೆ ಮತ್ತೆ ಸೇರಿಕೊಂಡಿದ್ದಾನಂತೆ, ತನ್ನವರೇ ಹೆಚ್ಚಾಗಿರುವ ಕಡೆ ರೂಮು ಹಿಡಿದಿದ್ದಾನಂತೆ. ಅವಳು ಬೆಂಗಳೂರು ಬೇಡವೇ ಬೇಡ ಅನ್ನುತ್ತಾಳಂತೆ. ನಾನು ಸಂತೋಷದಿಂದ ಒಳಗೆ ಹೋಗಿ ಬಿಂದಿಗೆ ತಂದು ಅವನ ಮುಂದೆ ಇಟ್ಟೆ. ಒಂದಾದರೂ ಉಳಿಯಿತಲ್ಲ ಎಂದು.

ಅವನು ಬಗ್ಗಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಓದಿದ. ಇನ್ನೊಂದು ಸಲ ಓದಿದ.

“ಇದು ನಮ್ದಲ್ಲಮ್ಮ,” ಅಂದ. “ಬೇರೆ ಯಾರೋ ಹೆಂಗಸಿನ ಹೆಸರಿದೆ.”

ಯಾರು ಎಂದು ಅವನಿಗೂ ಗೊತ್ತಿರಲಿಲ್ಲ. ಬಿಂದಿಗೆಯನ್ನು ಮುಟ್ಟದೆ ಎದ್ದು ಹೋದ. ನಾನು ಅದರ ಮುಂದೆಯೇ ಕೂತಿದ್ದೆ. ಹೂವಿನವಳ ಮಗ ಇನ್ನೂ ಯಾವ ಬೀದಿಯ ಯಾವ ಮನೆಗೆ ನುಗ್ಗಿದ್ದನೋ, ಆ ಮನೆಯವರು ಎಲ್ಲಿ ಅವಿತುಕೊಂಡರೋ. ಅವರನ್ನು ಕಾಯಲು ಅವತ್ತು ಪಕ್ಕದಲ್ಲಿ ಯಾರಾದರೂ ಸತ್ತಿದ್ದರೋ ಇಲ್ಲವೋ.

ಸಂಜೆ ಹೂವಿನವಳು ಬುಟ್ಟಿ ಹೊತ್ತುಕೊಂಡು ಗೇಟಿಗೆ ಬಂದಳು. ಅವನು ಬಂದುಹೋದದ್ದು ಅವಳಿಗೆ ಆಗಲೇ ತಿಳಿದಿತ್ತು.

“ತಗೊಂಡು ಹೋದ್ರಾ ಅಕ್ಕಾ?”

ನಾನು ಒಂದು ಮೊಳ ಹೂ ಅಳೆಸಿಕೊಂಡೆ.

“ಹೂಂ. ತಗೊಂಡು ಹೋದ್ರು.”